ಹಸುವಿಗೆ ತೌಡು, ಬಾಣಂತಿಗೆ ಸಣ್ಣಕ್ಕಿ

ನಮ್ಮೂರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು. ವಕ್ಕಲೇರಿಯ ಮಗ್ಗುಲಿನ ಊರು. ಬೆಳಗ್ಗೆ ಒಂದು ಹೊತ್ತು, ಸಾಯಂಕಾಲ ಒಂದು ಹೊತ್ತು ಹೆಂಗಸರು ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲಿನಿಂದಲೂ ಒಂದಿಷ್ಟು ತೆಗೆದು ಯಂತ್ರಕ್ಕೆ ಕೊಟ್ಟರೆ ಫ್ಯಾಟು ಎಷ್ಟು, ಗಟ್ಟಿತನದ ಡಿಗ್ರಿ ಎಷ್ಟು ಎಂದು ಅದು ತೋರಿಸುತ್ತದೆ. ನಿನ್ನೆಗಿಂತ ಇವತ್ತು ಕಡಿಮೆ ಬಂದಿದ್ದರೆ ನಾನು ಮೊದಲು ಕೇಳುವುದು, ಹಸುವಿಗೆ ಏನು ಹಾಕಿದ್ರಿ ಎಂದು. ನೀರು ಬೆರೆಸಿದಿರಾ ಎಂದು ಕೇಳುವುದು ಆಮೇಲೆ. ಇದೇನೂ ದೊಡ್ಡ ವಿದ್ಯೆಯಲ್ಲ. ಹಸು ಕಟ್ಟಿದ ಯಾರನ್ನು ಕೇಳಿದರೂ ಇಷ್ಟು ಹೇಳುತ್ತಾರೆ.

ನನ್ನ ಇಬ್ಬರು ಮಕ್ಕಳೂ ಕೋಲಾರದ ಒಂದು ಆಸ್ಪತ್ರೆಯ ಮಕ್ಕಳ ಐಸಿಯುನಲ್ಲಿ ಮಲಗಿದ್ದರು. ಮೊದಲನೆಯವನು ಐದು ದಿನ. ಆ ಐದು ದಿನದಲ್ಲಿ ಬಿಳಿ ಕೋಟಿನವರು ಎಷ್ಟೋ ಜನ ಬಂದರು, ಎಷ್ಟೋ ಪ್ರಶ್ನೆ ಕೇಳಿದರು. ಈ ಮಗುವಿಗೆ ಹಾಲು ಕೊಡುವ ನೀನು ಏನು ತಿನ್ನುತ್ತೀ ಎಂದು ಒಬ್ಬರೂ ಕೇಳಲಿಲ್ಲ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಆದದ್ದು ಆಯಿತು ಬಿಡು, ತಾಳಿದವನು ಬಾಳಿಯಾನು ಎಂದು ನೆಂಟರಿಷ್ಟರೆಲ್ಲ ಹೇಳಿ ಮುಗಿಸಿದ್ದಾರೆ. ತಾಳಿದ್ದು ನಾನು. ಬಾಳಬೇಕಾಗಿದ್ದವನು ನಮ್ಮ ಹೊಲದ ಮೂಲೆಯಲ್ಲಿ ಹೊಂಗೆಮರದ ಕೆಳಗೆ ಮಲಗಿದ್ದಾನೆ.

ನನ್ನ ಗಂಡನಿಗೆ ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಅವರ ಸ್ವಂತ ಊರು ಶ್ರೀನಿವಾಸಪುರದ ಕಡೆ. ಅತ್ತೆ ಅಲ್ಲಿ ಮಾವಿನ ತೋಟ ನೋಡಿಕೊಂಡಿದ್ದಾರೆ. ನನ್ನ ಡೈರಿಗೂ ಅವರ ಮಾಲೂರು ಬಸ್ಸಿಗೂ ಅನುಕೂಲವೆಂದು ನಾವು ನನ್ನ ತವರೂರಿನಲ್ಲೇ ಮನೆ ಮಾಡಿದೆವು. ಅಮ್ಮನ ಮನೆ ಎರಡು ಬೀದಿ ಆಚೆ. ಹಾಗಾಗಿ ಎರಡು ಬಾಣಂತನವೂ ಅಮ್ಮನ ಮನೆಯಲ್ಲೇ ಆದವು.

ಅಮ್ಮನ ಬಾಣಂತನವೆಂದರೆ ಊರಲ್ಲಿ ಹೆಸರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸಾಂಬ್ರಾಣಿ ಹೊಗೆ, ಮೈ ಸುಡುವ ನೀರಿನ ಸ್ನಾನ. ಊಟದಲ್ಲಂತೂ ಕಡು ಬಿಗಿ. ಮುದ್ದೆ ಕೂಡದು, ರಾಗಿ ತಂಪು, ಮಗುವಿಗೆ ಶೀತವಾಗುತ್ತದೆ. ಸೊಪ್ಪು ಕೂಡದು, ಮಗುವಿಗೆ ಭೇದಿಯಾಗುತ್ತದೆ. ಅವರೆ, ಹುರುಳಿ, ಅಲಸಂದೆ ಹೆಸರೇ ಎತ್ತಕೂಡದು, ವಾಯು. ಇವೆಲ್ಲ ಕಳೆದ ಮೇಲೆ ಉಳಿದದ್ದು ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಊಟದ ಮೇಲೆ ಎಲೆಅಡಿಕೆ. ಆದರೆ ಅನ್ನವೆಂದರೆ ಅಂಥಿಂಥ ಅನ್ನವಲ್ಲ. ಕೆರೆಯ ಕೆಳಗೆ ನಮಗಿರುವ ತುಂಡು ಗದ್ದೆಯಲ್ಲಿ ಬೆಳೆದ ಸಣ್ಣ ಭತ್ತವನ್ನು ಅಮ್ಮ ಮಿಲ್ಲಿಗೆ ಕಳಿಸಿ, ಒಂದು ಸಲ ಪಾಲಿಶ್ ಹಾಕಿಸಿದ್ದು ಸಾಲದೆಂದು ಇನ್ನೊಂದು ಸಲ ಹಾಕಿಸಿದ್ದಳು. ಮಲ್ಲಿಗೆ ಮೊಗ್ಗಿನಂಥ ಅಕ್ಕಿ. ಅದನ್ನು ನಾಲ್ಕು ನೀರಿನಲ್ಲಿ ತೊಳೆದು, ಬೇಯಿಸಿ, ಗಂಜಿ ಬಸಿದು, ಉದುರುದುರಾದ ಅನ್ನವನ್ನು ನನ್ನ ತಟ್ಟೆಗೆ ಇಕ್ಕುತ್ತಿದ್ದಳು. ಅವಳೂ ಅಪ್ಪನೂ ಅಡುಗೆಮನೆಯಲ್ಲಿ ಕೂತು ಮುದ್ದೆ, ಸೊಪ್ಪಿನ ಸಾರು ಉಣ್ಣುತ್ತಿದ್ದರು. ಮಗಳಿಗೆ ಒಳ್ಳೆಯದು, ತಮಗೆ ಮಾಮೂಲಿಯದು. ಆ ಸಾರಿನ ಒಗ್ಗರಣೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಕೇಳಿದರೆ ಬೈಸಿಕೊಳ್ಳಬೇಕಲ್ಲ ಎಂದು ಸುಮ್ಮನಿರುತ್ತಿದ್ದೆ.

ನಾನು ಹೆತ್ತ ವಾರವೇ ನಮ್ಮ ಹಸುವೂ ಈದಿತ್ತು. ಮಿಲ್ಲಿನಿಂದ ಬೇರೆ ಚೀಲದಲ್ಲಿ ಬಂದ ತೌಡು, ಅಕ್ಕಿ ತೊಳೆದ ನೀರು, ಬಸಿದ ಗಂಜಿ ಎಲ್ಲ ಸೇರಿಸಿ ಕಲಗಚ್ಚು ಮಾಡಿ ಅಮ್ಮ ಅದರ ಬಾನಿಗೆ ಸುರಿಯುತ್ತಿದ್ದಳು. ಮನೆಯಲ್ಲಿ ಇಬ್ಬರು ಬಾಣಂತಿಯರು ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಹಸುವಿನ ಮೈ ಮಿರಿಮಿರಿ ಮಿಂಚುತ್ತಿತ್ತು. ಅದರ ಕರು ಹಟ್ಟಿಯೆಲ್ಲ ನೆಗೆದಾಡಿಕೊಂಡಿತ್ತು.

ನನ್ನ ಮಗನಿಗೆ ಹತ್ತು ವಾರ ತುಂಬಿದಾಗ ಒಂದು ದಿನ ಕುಡಿದದ್ದನ್ನೆಲ್ಲ ಕಕ್ಕಿದ. ಮರುದಿನ ಮೊಲೆ ಹಿಡಿದು ಎರಡು ಗುಟುಕಿಗೇ ಬಿಟ್ಟ. ಮೂರನೇ ದಿನ ಅಳುವಾಗ ದನಿ ಇರಲಿಲ್ಲ. ಬಾಯಿ ತೆರೆದಿದೆ, ಮುಖ ಕೆಂಪಾಗಿದೆ, ಕಣ್ಣಲ್ಲಿ ನೀರಿದೆ, ಸದ್ದು ಮಾತ್ರ ಇಲ್ಲ. ಅತ್ತೂ ಅತ್ತೂ ಗಂಟಲು ಕಟ್ಟಿದೆ ಎಂದಳು ಅಮ್ಮ. ನಾಲ್ಕನೇ ದಿನ ಏದುಸಿರು. ಪಕ್ಕೆಲುಬು ಒಳಗೆ ಹೋಗಿ ಹೊರಗೆ ಬರುವುದು ಕಾಣುತ್ತಿತ್ತು. ಎತ್ತಿಕೊಂಡು ಕೋಲಾರಕ್ಕೆ ಓಡಿದೆವು.

ಐಸಿಯುನ ಗಾಜಿನ ಬಾಗಿಲಾಚೆ ಅವನನ್ನು ಬಿಟ್ಟು ಬಂದ ಮೇಲೆ ಒಬ್ಬ ಡಾಕ್ಟರು ಕಾಗದ ಹಿಡಿದು ಬಂದರು. ಜ್ವರ ಇತ್ತಾ, ಕೆಮ್ಮು ಇತ್ತಾ, ಲಸಿಕೆ ಹಾಕಿಸಿದ್ದೀರಾ, ಏನು ಕುಡಿಸುತ್ತೀರಿ ಎಂದು ಕೇಳಿದರು. ತಾಯಿಹಾಲು ಮಾತ್ರ, ಒಂದು ತೊಟ್ಟು ನೀರೂ ಕೊಟ್ಟಿಲ್ಲ ಎಂದೆ. ವೆರಿ ಗುಡ್ ಎಂದು ಬರೆದುಕೊಂಡರು. ಇಡೀ ಕಾಗದದಲ್ಲಿ ನನಗೆ ಶಹಬ್ಬಾಸ್ ಸಿಕ್ಕಿದ್ದು ಆ ಒಂದು ಸಾಲಿಗೆ. ಕಾಯಿಲೆ ಇದ್ದದ್ದೂ ಆ ಸಾಲಿನಲ್ಲೇ. ಅದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಮೊದಲು ನೋಡಿದವರು ನ್ಯುಮೋನಿಯಾ ಎಂದು ಬರೆದರು. ಆಮೇಲೆ ಬಂದವರೆಲ್ಲ ಅದನ್ನು ಓದಿ ಅದನ್ನೇ ಬರೆದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುತ್ತಾರಲ್ಲ, ಹಾಗೆ. ಎಕ್ಸ್‌ರೇಯಲ್ಲಿ ಗುಂಡಿಗೆ ದೊಡ್ಡದಾಗಿ ಕಂಡಾಗ ಸೋಂಕು ಗುಂಡಿಗೆಗೂ ಹೋಗಿದೆ ಎಂದರು. ರಕ್ತದ ಕಲ್ಚರಿನಲ್ಲಿ ಏನೂ ಬೆಳೆಯದೆ ಇದ್ದಾಗ, ಕೆಲವು ಸಲ ಬೆಳೆಯುವುದಿಲ್ಲ ಎಂದರು. ಔಷಧಿ ಬದಲಾಯಿಸಿ ಇನ್ನೂ ಜೋರಿನದು ಹಾಕಿದರು. ಯಾರೂ ಕೈಕಟ್ಟಿ ಕೂರಲಿಲ್ಲ, ಅದನ್ನು ಹೇಳಲೇಬೇಕು. ಒಬ್ಬ ನರ್ಸಮ್ಮ ತನ್ನ ಊಟದ ಡಬ್ಬಿಯನ್ನೂ ತೆರೆಯದೆ ಅವನ ಪಕ್ಕದಲ್ಲೇ ನಿಂತಿದ್ದಳು. ಐದನೇ ದಿನ ಮಧ್ಯಾಹ್ನ ಅವನು ಹೋದ. ಸೋಂಕು ರಕ್ತಕ್ಕೆ ಹರಡಿ ಎಂದು ಬರೆದುಕೊಟ್ಟರು. ಆ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿಟ್ಟೆ.

ಮಣ್ಣು ಮಾಡಿ ಬಂದ ಮೇಲೂ ನನ್ನ ಎದೆಯಲ್ಲಿ ಹಾಲು ನಿಲ್ಲಲಿಲ್ಲ. ನೋಡಲು ಬಂದ ಅತ್ತೆ, ನಿನ್ನ ಹಾಲೇ ಮಗುವಿಗೆ ಆಗಿಬಂದಿಲ್ಲ ಎಂದು ಎಲ್ಲರೆದುರು ಅಂದರು. ಗಾಯದ ಮೇಲೆ ಬರೆ ಎಳೆದಂತಾಯಿತು. ರಜೆಯಲ್ಲಿದ್ದರೂ ಡೈರಿಯ ಬೀಗದಕೈ ಒಂದು ನನ್ನ ಹತ್ತಿರವೇ ಇತ್ತು. ಮರುದಿನ ಬೆಳಗ್ಗೆ, ಹಾಲು ಹಾಕುವವರು ಬರುವ ಮುಂಚೆ ಹೋಗಿ, ನನ್ನ ಹಾಲನ್ನು ಒಂದು ಲೋಟಕ್ಕೆ ಹಿಂಡಿ ಯಂತ್ರಕ್ಕೆ ಕೊಟ್ಟೆ. ಹುಚ್ಚು ಎಂದರೆ ಹುಚ್ಚೇ. ಫ್ಯಾಟು ಚೆನ್ನಾಗಿಯೇ ಬಂತು, ಸೀಮೆಹಸುವಿನ ಹಾಲಿಗಿಂತ ಒಂದು ಕೂದಲು ಮೇಲೆ. ಚೀಟಿ ಹರಿದು ಪರ್ಸಿನಲ್ಲಿಟ್ಟುಕೊಂಡೆ. ಅತ್ತೆಯ ಮುಖಕ್ಕೆ ಹಿಡಿಯಬೇಕೆಂದಿದ್ದೆ, ಹಿಡಿಯಲಿಲ್ಲ. ಯಂತ್ರಕ್ಕೆ ಗೊತ್ತಿರುವುದು ಎರಡೋ ಮೂರೋ ಸಂಗತಿ, ಹಾಲಿನಲ್ಲಿ ಇರುವುದು ಅದಕ್ಕಿಂತ ಹೆಚ್ಚು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮೂರು ವರ್ಷದ ಮೇಲೆ ಮಗಳು ಹುಟ್ಟಿದಳು. ಆ ಹೊತ್ತಿಗೆ ಅಮ್ಮನ ಎದೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು. ಮೊದಲ ಬಾಣಂತನದಲ್ಲಿ ಒಂದು ದಿನ ಅವಳು ಹೊಲಕ್ಕೆ ಹೋಗಿದ್ದಾಗ ನಾನು ಕದ್ದು ಒಂದು ಬಟ್ಟಲು ಅವರೆಕಾಳಿನ ಸಾರು ಕುಡಿದಿದ್ದೆ. ಮಗ ಹೋದ ಮೇಲೆ ಅಳುತ್ತಾ ಅದನ್ನು ನಾನೇ ಬಾಯಿ ಬಿಟ್ಟಿದ್ದೆ. ಪಥ್ಯ ಮುರಿದದ್ದಕ್ಕೇ ಹೀಗಾಯಿತು ಎಂದು ಅವಳೂ ನಂಬಿದಳು, ನಾನೂ ನಂಬಿದೆ. ಹಾಗಾಗಿ ಹೋದ ಸಲ ಮೆಣಸಿನ ಸಾರಿಗೆ ಸೇರಿಸುತ್ತಿದ್ದ ಬೇಳೆಯ ಕಟ್ಟು ಕೂಡ ಈ ಸಲ ಬಂದ್. ಮಿಲ್ಲಿನವನಿಗೆ ಅಕ್ಕಿ ಇನ್ನೂ ಬೆಳ್ಳಗಾಗಬೇಕು ಎಂದು ಹೇಳಿ ಕಳಿಸಿದಳು. ನಾನು ತುಟಿ ಎರಡು ಮಾಡದೆ ಉಂಡೆ. ಈ ಮಗುವನ್ನು ಉಳಿಸಿಕೊಳ್ಳಲು ನಾವಿಬ್ಬರೂ ಸೇರಿ ಅದೇ ತಪ್ಪನ್ನು ಇನ್ನೂ ಶ್ರದ್ಧೆಯಿಂದ ಮಾಡಿದೆವು.

ಒಂದೂವರೆ ತಿಂಗಳಿಗೆಲ್ಲ ನನ್ನ ಕಾಲು ಜೋಮು ಹಿಡಿಯತೊಡಗಿತು. ಕೂತವಳು ಏಳಬೇಕಾದರೆ ಗೋಡೆ ಬೇಕು. ಮೊದಲ ಸಲವೂ ಹೀಗೇ ಆಗಿತ್ತು. ಬಾಣಂತಿ ವಾಯು ಎಂದು ಅಮ್ಮ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಹಸು ಹೀಗೆ ಕಾಲು ಎಳೆದಿದ್ದರೆ ಅಪ್ಪ ಅವತ್ತೇ ದನದ ಡಾಕ್ಟರನ್ನು ಕರೆಸುತ್ತಿದ್ದ.

ಹತ್ತನೇ ವಾರ ನಾನು ದಿನ ಎಣಿಸುತ್ತಲೇ ಇದ್ದೆ. ಮಗಳು ಕಕ್ಕಿದಳು, ಮೊಲೆಯನ್ನೂ ಅರ್ಧಕ್ಕೇ ಬಿಟ್ಟಳು; ಎಲ್ಲ ಕೂಸೂ ಹೀಗೇ ಎಂದಳು ಅಮ್ಮ. ಒಂದು ಬೆಳಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬಂದು ನೋಡಿದರೆ ಮಗಳ ಬಾಯಿ ತೆರೆದಿತ್ತು. ಎಷ್ಟು ಹೊತ್ತಿನಿಂದ ಅಳುತ್ತಿದ್ದಳೋ, ನನಗೆ ಕೇಳಿಸಿಯೇ ಇರಲಿಲ್ಲ. ಅವಳನ್ನು ಎತ್ತಿಕೊಂಡು, ಬೀರುವಿನ ಪ್ಲಾಸ್ಟಿಕ್ ಕವರು ತೆಗೆದುಕೊಂಡು ಹೊರಟೆ. ಮಾಲೂರಿನಿಂದ ಓಡಿಬಂದ ಗಂಡ, ಈ ಸಲ ಬೇರೆ ಆಸ್ಪತ್ರೆಗೆ ಹೋಗೋಣ ಎಂದರು. ಬೇಡ, ಅಲ್ಲಿಗೇ ಎಂದೆ. ಅವನನ್ನು ನೋಡಿದವರೇ ಇವಳನ್ನೂ ನೋಡಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ ಎಂಬುದು ನನ್ನ ಹಟ.

ಮಗನನ್ನು ನೋಡಿದ್ದ ಐಸಿಯುನ ದೊಡ್ಡ ಡಾಕ್ಟರೇ ಈಗಲೂ ಇದ್ದರು. ನೋಡಿದರು, ಕೇಳಿದರು, ನ್ಯುಮೋನಿಯಾ ಎಂದರು. ಮೊದಲ ಮಗುವಿಗೂ ಹೀಗೇ ಆಗಿತ್ತು ಸಾರ್ ಎಂದು ಕವರು ಚಾಚಿದೆ. ಆಮೇಲೆ ನೋಡೋಣ ಎಂದರು. ಎರಡನೇ ದಿನ ಮಗಳಿಗೆ ವೆಂಟಿಲೇಟರು ಹಾಕಿದರು. ಕವರು ನನ್ನ ಕೈಯಲ್ಲೇ ಇತ್ತು.

ಅವತ್ತು ಮಧ್ಯಾಹ್ನ ಕಾರಿಡಾರಿನಲ್ಲಿ ಕೂತು, ಡೈರಿಯಲ್ಲಿ ಗೆರೆ ಎಳೆಯುವ ಹಾಗೆ ಒಂದು ಹಾಳೆಗೆ ಎರಡು ಕಾಲಂ ಎಳೆದೆ. ಒಂದು ಕಡೆ ಅವನು, ಒಂದು ಕಡೆ ಇವಳು. ಯಾವ ದಿನ ಕಕ್ಕಿದ್ದು, ಯಾವ ದಿನ ಮೊಲೆ ಬಿಟ್ಟದ್ದು, ಯಾವ ದಿನ ದನಿ ಹೋದದ್ದು. ಬರೆದು ಮುಗಿಸಿದ ಮೇಲೆ ಎರಡು ಕಾಲಂಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಮೂರನೇ ದಿನ ಬೆಳಗ್ಗೆ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರಿಗೆ ಬಾಗಿಲಲ್ಲೇ ಅಡ್ಡ ನಿಂತೆ.

"ಸಾರ್, ಇಬ್ಬರಿಗೂ ಹತ್ತನೇ ವಾರ. ಇಬ್ಬರಿಗೂ ಜ್ವರ ಇಲ್ಲ. ಇಬ್ಬರಿಗೂ ದನಿ ಹೋಗಿ ಆಮೇಲೆ ಏದುಸಿರು. ಇನ್ಫೆಕ್ಷನ್ನು ಕ್ಯಾಲೆಂಡರ್ ನೋಡ್ಕೊಂಡು ಬರತ್ತಾ?"

ಅವರ ಹಿಂದಿದ್ದ ಕಲಿಯುವ ಹುಡುಗರು ನೆಲ ನೋಡಿದರು. ಅವರು ಹಾಳೆ ತೆಗೆದುಕೊಂಡು ಒಂದು ಕಣ್ಣು ಓಡಿಸಿ, ಹಾಗಿದ್ದರೆ ಇದು ಹುಟ್ಟಿನಿಂದ ಬಂದದ್ದಿರಬಹುದು, ನಿಮ್ಮಿಬ್ಬರ ವಂಶದಲ್ಲೇ ಇರುವಂಥದ್ದು, ರಕ್ತ ಬೆಂಗಳೂರಿಗೆ ಕಳಿಸಬೇಕು, ವರದಿಗೆ ವಾರಗಟ್ಟಲೆ ಬೇಕು, ಅಂಥವಕ್ಕೆ ಹೆಚ್ಚಿನಂಶ ಔಷಧಿಯೂ ಇಲ್ಲ ಎಂದರು. ವಾರಗಟ್ಟಲೆ ಎಂದರೆ ಏನೆಂದು ನನಗೆ ಗೊತ್ತಿತ್ತು. ಅವನು ಇದ್ದದ್ದು ಐದು ದಿನ. ನಿಮ್ಮ ಕೆಲಸ ನೀವು ನೋಡಿ, ನಮ್ಮ ಕೆಲಸ ನಮಗೆ ಬಿಡಿ ಎಂದು ಹೇಳಿ ಅವರು ಒಳಗೆ ಹೋದರು. ಹಾಲು ನೋಡುವುದೇ ನನ್ನ ಕೆಲಸ ಎಂದು ಆಗ ಬಾಯಿಗೆ ಬರಲಿಲ್ಲ.

ನಾನು ಬಾಗಿಲ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಇಲ್ಲಿ ಕೂರಬಾರದು ಎಂದು ಗಾರ್ಡು ಹೇಳಿದ, ನಾನು ಏಳಲಿಲ್ಲ. ಅಮ್ಮ ಬಂದು ಪಕ್ಕದಲ್ಲಿ ಕೂತಳು. ರೌಂಡ್ಸು ಮುಗಿಸಿ ಎಲ್ಲರೂ ಹೋದ ಮೇಲೆ, ಯಾವುದೋ ರಿಪೋರ್ಟು ತರಲು ಏಳಬೇಕಾಯಿತು. ಏಳಲು ಎರಡು ಕೈಯಲ್ಲಿ ಗೋಡೆ ಹಿಡಿದು ಒದ್ದಾಡುತ್ತಿದ್ದೆ. ಐಸಿಯುನ ಚಿಕ್ಕ ಡಾಕ್ಟರಮ್ಮ ಒಬ್ಬಳು, ಇನ್ನೂ ಕಲಿಯುತ್ತಿದ್ದ ಹುಡುಗಿ, ಹೊರಗೆ ಬಂದವಳು ಅದನ್ನು ನೋಡಿ ನಿಂತಳು.

"ಅಕ್ಕಾ, ಕಾಲಿಗೇನಾಯ್ತು?"

ನನ್ನ ಕಾಲು ಹಾಳಾಗಲಿ, ನನ್ನ ಮಗು ನೋಡಿ ಎಂದೆ. ಅವಳು ಹೋಗಲಿಲ್ಲ. ಜೋಮು ಎಷ್ಟು ದಿನದಿಂದ, ಮೊದಲ ಸಲವೂ ಇತ್ತಾ ಎಂದು ಕೇಳಿದಳು. ಆಮೇಲೆ ಕೇಳಿದಳು, ದಿನಾ ಊಟಕ್ಕೆ ಏನು ಎಂದು. ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಹೇಳಿದಳು. ಮೂರು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವಳ ಹಾಗೆ, ತಲೆ ಎತ್ತಿ ಹೇಳಿದಳು.

"ಊಟಕ್ಕೇನೂ ಕಮ್ಮಿ ಮಾಡಿಲ್ಲ ಕಣಮ್ಮಾ. ಸಣ್ಣಕ್ಕಿ ಅನ್ನ, ಹಸೀನ ತುಪ್ಪ, ಮೆಣ್ಸಿನ ಸಾರು. ಮೂರೊತ್ತೂ ಬಿಸಿಬಿಸಿ ಇಕ್ಕಿದ್ದೀನಿ. ಒಂದು ಸೊಪ್ಪಿನ ಕಡ್ಡೀನೂ ಬಾಯಿಗೆ ಬಿಟ್ಟಿಲ್ಲ."

ಆ ಹುಡುಗಿ ಕೋಟು ಹಾಕಿಕೊಂಡೇ ನಮ್ಮೆದುರು ನೆಲದ ಮೇಲೆ ಕೂತಳು. ಅಕ್ಕಿ ಎಲ್ಲಿಯದು, ಎಷ್ಟು ನೀರಿನಲ್ಲಿ ತೊಳೆಯುತ್ತೀರಿ, ಗಂಜಿ ಬಸಿದು ಏನು ಮಾಡುತ್ತೀರಿ, ಬೇಳೆ ಇಲ್ಲವಾ, ಮುದ್ದೆ ಇಲ್ಲವಾ, ಎಲೆಅಡಿಕೆ ಹಾಕಿಕೊಳ್ಳುತ್ತೀರಾ. ಅಮ್ಮ ಒಂದೊಂದಕ್ಕೂ ಹೆಮ್ಮೆಯಿಂದ ಉತ್ತರ ಕೊಟ್ಟಳು. ಹುಡುಗಿ ಮುಳಬಾಗಿಲು ಕಡೆಯ ಬೇಸಾಯಗಾರರ ಮನೆಯವಳಂತೆ. ತನ್ನ ಅಕ್ಕನ ಬಾಣಂತನವೂ ಹೀಗೇ ನಡೆದದ್ದು ಎಂದು ತನಗೇ ಹೇಳಿಕೊಂಡಂತೆ ಹೇಳಿ, ಎದ್ದು, ಹೆಚ್ಚುಕಡಿಮೆ ಓಡಿಕೊಂಡೇ ಒಳಗೆ ಹೋದಳು.

ದೊಡ್ಡ ಡಾಕ್ಟರಿಗೆ ಫೋನು ಮಾಡಿದಳಂತೆ. ಕೊಟ್ಟರೆ ನಷ್ಟವೇನಿಲ್ಲ, ಕೊಡು ಎಂದರಂತೆ. ಕೊಟ್ಟದ್ದು ಒಂದು ವಿಟಮಿನ್ ಇಂಜೆಕ್ಷನ್ನು, ಬಿ-ಒನ್ ಎಂದು. ಅಷ್ಟು ದೊಡ್ಡ ದೊಡ್ಡ ಯಂತ್ರಗಳ ನಡುವೆ ಹೆಬ್ಬೆರಳಿನಷ್ಟು ಬಾಟಲಿ. ಊರಲ್ಲಿ ಸಾಯಂಕಾಲದ ಹಾಲು ಹಾಕುವ ಹೊತ್ತಿಗೆ ಇಲ್ಲಿ ಮಗಳ ಗುಂಡಿಗೆಯ ಓಟ ಇಳಿಯತೊಡಗಿತು. ಬಿಳಿಚಿದ್ದ ಪಾದಕ್ಕೆ ಬಣ್ಣ ಬಂತು. ಹುಡುಗಿ ಗಾಜಿನ ಬಾಗಿಲು ತೆರೆದು ನಮ್ಮನ್ನು ಒಳಗೆ ಕರೆದು ಅದನ್ನು ತೋರಿಸಿದಳು. ಆಗ ಎಲ್ಲ ಬಿಡಿಸಿ ಹೇಳಿದಳು. ಅಕ್ಕಿಯ ಮೇಲಿನ ಸಿಪ್ಪೆಯಲ್ಲಿ ಗುಂಡಿಗೆಗೂ ನರಕ್ಕೂ ಬೇಕಾದ ಒಂದು ಅಂಶ ಇರುತ್ತದೆ. ರಾಗಿ, ಬೇಳೆಯಲ್ಲೂ ಇರುತ್ತದೆ. ಪಾಲಿಶ್ ಹಾಕಿದರೆ ಅದು ಹೋಗುತ್ತದೆ, ಉಳಿದದ್ದು ತೊಳೆದರೆ, ಬಸಿದರೆ ಹೋಗುತ್ತದೆ, ಅಳಿದುಳಿದದ್ದನ್ನು ಎಲೆಅಡಿಕೆ ಕೆಡಿಸುತ್ತದೆ. ತಾಯಿಯಲ್ಲಿ ಇಲ್ಲದ್ದು ಹಾಲಿನಲ್ಲೂ ಇರುವುದಿಲ್ಲ. ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಮಗು ಅದನ್ನೇ ಕುಡಿದು ಹತ್ತನೇ ವಾರಕ್ಕೆ ಹೀಗಾಗುತ್ತದೆ.

ಅಮ್ಮ, "ಹಂಗಾದ್ರೆ ಅದು ತೌಡಲ್ಲಿತ್ತಾ ತಾಯಿ?" ಎಂದಳು.

ಹುಡುಗಿ ಹೌದೆಂದು ತಲೆಯಾಡಿಸಿದಳು. ಅಮ್ಮ ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ತೊಳೆದಳು. ಒರೆಸಿಕೊಂಡು ಮತ್ತೆ ತೊಳೆದಳು. ತೌಡು, ಕಲಗಚ್ಚು, ಗಂಜಿ, ಎಲ್ಲ ಬಾನಿಗೆ ಸುರಿದದ್ದು ಅವಳದೇ ಕೈ. ನನಗೆ ಮಿರಿಮಿರಿ ಮಿಂಚುತ್ತಿದ್ದ ಹಸುವಿನ ಮೈ ಕಣ್ಣಿಗೆ ಬಂತು. ಮಗಳು ಉಳಿಯುತ್ತಾಳೆ ಎಂಬ ಸಂತೋಷ ಪೂರ್ತಿ ಪಡಲೂ ಆಗದಂತೆ ಹೊಂಗೆಮರದ ಕೆಳಗಿನವನು ಅಡ್ಡ ನಿಂತಿದ್ದ.

ಎರಡು ದಿನದ ಮೇಲೆ ಮಗಳ ಬಾಯಿಯ ಕೊಳವೆ ತೆಗೆದರು. ಅದೇ ಬೆಳಗ್ಗೆ ದೊಡ್ಡ ಡಾಕ್ಟರು ಕಲಿಯುವ ಹುಡುಗರನ್ನೆಲ್ಲ ಮಂಚದ ಸುತ್ತ ನಿಲ್ಲಿಸಿಕೊಂಡು ಅಮ್ಮನನ್ನು ಒಳಗೆ ಕರೆಸಿದರು. ಪಾಠಕ್ಕೆ ತೋರಿಸಬೇಕಲ್ಲ.

"ಏನಮ್ಮಾ, ಮಗಳನ್ನ ಉಪವಾಸ ಕೆಡವಿ ಮೊಮ್ಮಗನ್ನ ಕೊಂದ್ರಲ್ಲ. ಈ ಕಾಲದಲ್ಲೂ ಇಂಥ ಮೂಢನಂಬಿಕೆನಾ?"

ಹುಡುಗರು ಬರೆದುಕೊಳ್ಳುತ್ತಿದ್ದರು. ಅಮ್ಮ ಕೈಮುಗಿದುಕೊಂಡು ನಿಂತಿದ್ದಳು, ಕೋರ್ಟಿನಲ್ಲಿ ನಿಂತವರ ಹಾಗೆ. ಇಷ್ಟು ದಿನ ತಡೆದುಕೊಂಡದ್ದು ನನಗೆ ಇನ್ನು ಸಾಧ್ಯವಾಗಲಿಲ್ಲ.

"ಸಾರ್, ನಮ್ಮಮ್ಮ ಏನೂ ಮುಚ್ಚಿಡ್ಲಿಲ್ಲ. ಯಾರು ಕೇಳಿದ್ರೂ ಹೇಳೋಳು. ಹೋದ ಸಲ ಐದು ದಿನ ಇದೇ ಬಾಗಿಲಲ್ಲಿ ಕೂತಿದ್ಲು. ಅವಳು ಓದಿಲ್ಲ, ನೀವು ಓದಿದ್ದೀರ. ನೀವು ಕೇಳ್ಲಿಲ್ಲ."

ಒಬ್ಬ ಹುಡುಗ ಬರೆಯುವುದನ್ನು ನಿಲ್ಲಿಸಿದ. ದೊಡ್ಡ ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಹೀಗೆ ಮಾತಾಡಬಾರದಿತ್ತು ಎಂದು ಆಮೇಲೆ ಗಂಡ ಮೆಲ್ಲಗೆ ಹೇಳಿದರು. ಮಾತಾಡದೆ ಇದ್ದು ಒಬ್ಬನನ್ನು ಕಳೆದುಕೊಂಡದ್ದು ಸಾಕು ಎಂದೆ. ನಮ್ಮಮ್ಮನದು ತಪ್ಪಲ್ಲ ಎಂದು ನಾನು ಹೇಳುತ್ತಿಲ್ಲ. ಅವಳ ತಪ್ಪಿನಲ್ಲಿ ಪ್ರೀತಿ ಇತ್ತು, ನನ್ನದರಲ್ಲಿ ಭಯ ಇತ್ತು, ಅವರದರಲ್ಲಿ ಅಸಡ್ಡೆ ಇತ್ತು. ಮೂರನ್ನೂ ಒಬ್ಬಳ ತಲೆಗೆ ಕಟ್ಟುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಕೊಳವೆ ತೆಗೆದರೂ ಮಗಳ ದನಿ ಬಂದಿರಲಿಲ್ಲ. ಅಳುತ್ತಿದ್ದಳು, ಕೇಳಿಸುತ್ತಿರಲಿಲ್ಲ. ನನಗೂ ಇಂಜೆಕ್ಷನ್ನು, ಮಾತ್ರೆ ಶುರು ಮಾಡಿದ್ದರು. ಮನೆಯಿಂದ ಮುದ್ದೆ ಬರುತ್ತಿತ್ತು, ಕಾರಿಡಾರಿನಲ್ಲಿ ಕೂತು ಉಣ್ಣುತ್ತಿದ್ದೆ. ವಾರ್ಡಿಗೆ ಕಳಿಸಿದ ಮೇಲೆ, ಆಸ್ಪತ್ರೆ ಸೇರಿದ ಹನ್ನೊಂದನೇ ದಿನ, ನರ್ಸು ಸೂಜಿ ಚುಚ್ಚಿದಾಗ ಅವಳು ಕುಯ್ಯೋ ಎಂದಳು. ಕೆಟ್ಟ ಬಾಗಿಲು ಕಿರುಗುಟ್ಟಿದಂಥ ಸದ್ದು. ಪಕ್ಕದ ಮಂಚದ ತಾಯಿ ಪಾಪ ಎಂದಳು. ನಾನು ಬಾಯಿಗೆ ಸೆರಗು ಅದುಮಿಕೊಂಡು ನಕ್ಕೆ.

ಮನೆಗೆ ಕಳಿಸುವ ದಿನ ಕೈಗೆ ಕೊಟ್ಟ ಕಾಗದವನ್ನು ಆ ಮುಳಬಾಗಿಲು ಹುಡುಗಿಯಿಂದ ಓದಿಸಿದೆ. ತಾಯಿಯ ತಪ್ಪು ಆಹಾರ ಪದ್ಧತಿಯಿಂದ ಉಂಟಾದ ವಿಟಮಿನ್ ಕೊರತೆ ಎಂದಿತ್ತು. ಸರಿ, ಅದು ನಿಜ. ಮೊದಲ ಮಗು ಸೋಂಕಿನಿಂದ ತೀರಿಕೊಂಡಿದೆ ಎಂದೂ ಇತ್ತು. ಅದು ನಿಜವಲ್ಲ. ಈ ಕಾಗದ ತೆಗೆದುಕೊಳ್ಳುವುದಿಲ್ಲ, ಆ ಸಾಲು ತಿದ್ದಿ ಕೊಡಿ ಎಂದೆ. ಹಳೆಯದನ್ನು ತಿದ್ದಲು ಬರುವುದಿಲ್ಲ ಎಂದು ಕೌಂಟರಿನವನು, ಮಗು ಉಳಿಯಿತಲ್ಲ ಇನ್ನೇನು ಎಂದು ನರ್ಸು, ಬಸ್ಸು ಹೋಗುತ್ತದೆ ಎಂದು ಗಂಡ. ನಾನು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮಂಚದ ಮೇಲೆ ಕೂತೆ. ಬೆಳಗ್ಗೆ ಕೂತವಳು ಮಧ್ಯಾಹ್ನದ ಊಟವನ್ನೂ ಅಲ್ಲೇ ಮಾಡಿದೆ.

ಕೊನೆಗೆ ದೊಡ್ಡ ಡಾಕ್ಟರೇ ಬಂದರು. ಕೋರ್ಟಿಗೆ ಹೋಗುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಿದರು. ಇಲ್ಲ ಎಂದೆ. ಅವನಿಗೆ ಏನಾಗಿತ್ತು ಎಂದು ಒಂದು ಕಡೆಯಾದರೂ ಸರಿಯಾಗಿ ಬರೆದಿರಬೇಕು, ಅಷ್ಟು ಸಾಕು ಎಂದೆ. ಅವರು ಕೈ ಚಾಚಿದರು. ಮೂರು ವರ್ಷ ಬೀರುವಿನಲ್ಲಿದ್ದ, ಹದಿನಾಲ್ಕು ದಿನ ನನ್ನ ಕಂಕುಳಲ್ಲಿದ್ದ ಕವರನ್ನು ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ ನಿಂತು ಪುಟ ಪುಟವಾಗಿ ಓದಿದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಈ ಮಗುನ ನಾನೇ ನೋಡಿದ್ದು," ಎಂದರು.

ಅಷ್ಟೇ. ಪೆನ್ನು ತೆಗೆದು ಮಗಳ ಕಾಗದದ ಆ ಸಾಲು ಹೊಡೆದುಹಾಕಿ, ಮೊದಲ ಮಗುವಿನ ಸಾವಿಗೂ ಇದೇ ಕಾರಣ ಇರುವ ಸಾಧ್ಯತೆ ಹೆಚ್ಚು, ಆಗ ನಾವು ಗುರುತಿಸಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದರು. ಕ್ಷಮಿಸು ಎಂದು ಅವರು ಕೇಳಲಿಲ್ಲ, ನಾನು ಕ್ಷಮಿಸಿಯೂ ಇಲ್ಲ. ಆದರೆ ಕವರಿನ ಕಾಗದವನ್ನೆಲ್ಲ ಅವರೇ ಮೊದಲಿದ್ದ ಹಾಗೆ ಜೋಡಿಸಿ ನನ್ನ ಕೈಗೆ ಕೊಟ್ಟರು, ಸುಳ್ಳು ಹೇಳಬಾರದು. ಈಗ ಆ ಐಸಿಯುನಲ್ಲಿ ಹಸುಗೂಸು ಬಂದರೆ ತಾಯಿ ನಿನ್ನೆ ಏನು ಉಂಡಳು ಎಂದು ಮೊದಲ ಪುಟದಲ್ಲೇ ಬರೆದುಕೊಳ್ಳುತ್ತಾರಂತೆ, ಆ ಹುಡುಗಿ ಫೋನಿನಲ್ಲಿ ಹೇಳಿದಳು.

ಊರಿಗೆ ಬಂದ ಮೇಲೆ ಅಮ್ಮ ಕುಗ್ಗಿಹೋದಳು. ಬಾಣಂತಿ ಇರುವ ಮನೆಯವರು ಕರೆದರೆ ಹೋಗುವುದನ್ನು ಬಿಟ್ಟಳು. ಅನ್ನ ಬಿಟ್ಟಳು. ಶ್ರೀನಿವಾಸಪುರದಿಂದ ಅತ್ತೆಯ ಫೋನು ಬಂದರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು; ನಾನು ಅವತ್ತೇ ಹೇಳಿರಲಿಲ್ಲವಾ ಎಂದು ಅತ್ತೆ ಶುರು ಮಾಡುತ್ತಿದ್ದರು. ನಿನ್ನ ಹಾಲು ಸರಿಯಿಲ್ಲ ಎಂದ ಅವರ ಮಾತು ಆಸ್ಪತ್ರೆಯ ಕಾಗದಕ್ಕಿಂತ ನಿಜಕ್ಕೆ ಹತ್ತಿರವಿತ್ತು, ಅದು ನನಗೆ ಇವತ್ತಿಗೂ ಉರಿಯುತ್ತದೆ. ಹಾಲು ಸರಿಯಿಲ್ಲ ಎಂದವರು ಏಕೆ ಸರಿಯಿಲ್ಲ ಎಂದೂ ಒಂದು ಮಾತು ಕೇಳಬಹುದಿತ್ತು.

ಈಗ ಮಗಳಿಗೆ ಎರಡು ವರ್ಷ. ಹೋದ ತಿಂಗಳು ಡೈರಿಯ ಸಾಲಿನಲ್ಲಿ ಒಬ್ಬಾಕೆ, ತನ್ನ ಮಗಳ ಬಾಣಂತನ ಎಷ್ಟು ಕಟ್ಟುನಿಟ್ಟಾಗಿ ನಡೆಯುತ್ತಿದೆ ಎಂದು ಕೊಚ್ಚಿಕೊಳ್ಳುತ್ತಿದ್ದಳು. ಅವಳ ಹಾಲು ಯಂತ್ರಕ್ಕೆ ಹಿಡಿಯುತ್ತಾ, ಬಾಣಂತಿಗೆ ಇವತ್ತು ಏನು ಇಕ್ಕಿದ್ರಿ ಎಂದು ಕೇಳಿದೆ. ನಿನ್ನ ಮೆಷಿನ್ನು ನೋಡ್ಕೊ ಹೋಗು ಎಂದಳು. ಸಾಲಿನ ಕೊನೆಯಲ್ಲಿ ಕ್ಯಾನು ಹಿಡಿದು ನಿಂತಿದ್ದ ಅಮ್ಮ ಇದನ್ನು ಕೇಳಿಸಿಕೊಂಡಳು. ಹಾಲು ಹಾಕಿ ಹೋದಳು.

ಮರುದಿನ ಮಧ್ಯಾಹ್ನ ಅಮ್ಮ ಟಿಫನ್ ಕ್ಯಾರಿಯರ್ ಹಿಡಿದು ಬೀದಿಯಲ್ಲಿ ಹೋಗುತ್ತಿರುವುದು ಕಂಡಿತು. ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಹಿಂದೆಯೇ ಹೋದೆ. ಅವಳು ಹೋಗಿ ನಿಂತದ್ದು ಆ ಹೆಂಗಸಿನ ಬಾಗಿಲಲ್ಲಿ. ಕ್ಯಾರಿಯರಿನಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು. ಆ ಹೆಂಗಸು ಹೊಸಿಲಿಗೆ ಅಡ್ಡ ನಿಂತು, ನಿನ್ನ ಪಥ್ಯದಿಂದ ನಿನ್ನ ಮನೇಲೇ ಒಂದು ಮಗು ಹೋಯಿತು, ಈಗ ನನಗೆ ಬುದ್ಧಿ ಹೇಳಲು ಬಂದೆಯಾ ಎಂದಳು. ಅಕ್ಕಪಕ್ಕದ ಬಾಗಿಲುಗಳು ತೆರೆದವು. ನಾನು ಬಾಯಿ ತೆರೆದೆ. ಅಮ್ಮ ಹಿಂತಿರುಗಿ ನೋಡದೆಯೇ ಕೈ ಎತ್ತಿ ನನ್ನನ್ನು ತಡೆದಳು.

"ಹೌದು ಕಣಕ್ಕಾ, ಹೋಯ್ತು. ನನ್ನ ಕೈಯಾರೆ ಇಕ್ಕಿದ್ದು. ಅದಕ್ಕೇ ಬಂದಿದ್ದೀನಿ. ದಾರಿ ಬಿಡು."

ಆ ಹೆಂಗಸು ಏನು ಯೋಚಿಸಿದಳೋ, ಪಕ್ಕಕ್ಕೆ ಸರಿದಳು. ಒಳಗಿನ ಕೋಣೆಯಿಂದ, ಏನು ಸಾರು ದೊಡ್ಡಮ್ಮಾ ಎಂದು ಬಾಣಂತಿ ಕೇಳಿದ್ದು ನಮಗೆ ಕೇಳಿಸಿತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಹೊಸಿಲು ದಾಟಿದಳು. ಕ್ಯಾರಿಯರು ಒಳಗೆ ಹೋದದ್ದನ್ನು ನೋಡಿ ನನ್ನ ಸೊಂಟದ ಮೇಲಿದ್ದ ಮಗಳು ತನಗೂ ಮುದ್ದೆ ಬೇಕೆಂದು ಅಳಲು ಶುರು ಮಾಡಿದಳು. ಬೀದಿಯ ಆ ತುದಿಗೆ ಕೇಳುವಷ್ಟು ದೊಡ್ಡ ದನಿ. ಸುಮ್ಮನಿರು ಎಂದು ನಾನು ಹೇಳಲಿಲ್ಲ.